ಹೆಸರು ಕೆತ್ತದ ಬಾಟಲಿಗಳು

ನಿನ್ನೆ ಮಧ್ಯಾಹ್ನ ಆಳಂದದ ಬಸ್ ನಿಲ್ದಾಣದಲ್ಲಿ ಇಳಿದವನು ಬಿಸಿಲು ತಾಳದೆ ಒಂದು ಮಾವಿನಹಣ್ಣಿನ ಥಂಡಾ ಕೊಂಡು ಕುಡಿದೆ. ಸಕ್ಕರೆ ಕಾಯಿಲೆಯವರು ಅದನ್ನು ಮುಟ್ಟಬಾರದು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು, ನನ್ನ ಹೆಂಡತಿಗಂತೂ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಕುಡಿದ ಮೇಲೆ ಬಾಟಲಿಯನ್ನು ಅಲ್ಲೇ ಎಸೆದು ಬಂದಿದ್ದರೆ ಪಾರಾಗುತ್ತಿದ್ದೆ. ಕೈ ಬರಲಿಲ್ಲ. ಚೀಲದಲ್ಲಿಟ್ಟು ಮನೆಗೆ ತಂದೆ, ತೊಳೆದೆ, ಬೋರಲು ಹಾಕಿದೆ. ಇವತ್ತು ಬೆಳಿಗ್ಗೆ ಮೂಗಿಗೆ ಹಿಡಿದು ನೋಡಿದರೆ ಮಾವಿನ ವಾಸನೆ ಹಾಗೇ ಕೂತಿದೆ. "ಕದ್ದು ಕುಡಿದವರು ಸಾಕ್ಷಿ ಮನೀಗಿ ತರ್ತಾರೇನ್ರಿ?" ಎಂದಳು ಹೆಂಡತಿ.

ಆ ವಾಸನೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಕರಜಗಿಯ ನಮ್ಮ ಮನೆಯಲ್ಲಿ ಚಹಾಪುಡಿಗೆ ಕಿತ್ತಳೆಯ ವಾಸನೆ ಇತ್ತು, ಉಪ್ಪಿಗೆ ನಿಂಬೆಯದು, ಹುರಿದ ಶೇಂಗಾಕ್ಕೆ ಗುಲಾಬಿ ಶರಬತ್ತಿನದು. ಬಂದ ಬೀಗರು ಒಂದು ಗುಟುಕು ಚಹಾ ಕುಡಿದು, "ಏನೋ ಹಾಕೀರಲ್ರಿ ಇದಕ್ಕ?" ಎಂದು ಅನುಮಾನದಿಂದ ಕೇಳುತ್ತಿದ್ದರು. ಏನೂ ಹಾಕಿರುತ್ತಿರಲಿಲ್ಲ. ಅದು ನಮ್ಮ ಅತ್ತಿಯ ಬಾಟಲಿಗಳ ಪ್ರಸಾದ.

ಅತ್ತಿ ಎಂದರೆ ಅಪ್ಪನ ಅಕ್ಕ, ಗುರುಬಾಯಿ. ಗಂಡ ಬೇಗ ತೀರಿಕೊಂಡು, ಮಕ್ಕಳಿಲ್ಲದೆ, ಅಫಜಲಪುರದ ಗಂಡನ ಮನೆ ಬಿಟ್ಟು ತವರಿಗೆ ಬಂದವಳು. ನಾನು ಹುಟ್ಟುವ ಮೊದಲೇ ಬಂದಿದ್ದಳಂತೆ. ನನಗೆ ಬುದ್ಧಿ ತಿಳಿದಾಗಿನಿಂದ ಅಡುಗೆಮನೆ ಎಂದರೆ ಅವಳೇ. ಒಲೆಯ ಮುಂದೆ ಅವ್ವ ಕೂತಿರುತ್ತಿದ್ದಳು ನಿಜ. ಆದರೆ ಒಲೆಯ ಆಚೆಗಿನ ರಾಜ್ಯವೆಲ್ಲ ಅತ್ತಿಯದು, ಆ ರಾಜ್ಯ ಕಟ್ಟಿದ್ದೆಲ್ಲ ಜನ ಕುಡಿದು ಬಿಟ್ಟ ಬಾಟಲಿಗಳಿಂದ.

ಎಲ್ಲಿಂದ ಬರುತ್ತಿದ್ದವೋ! ಮದುವೆ ಊಟಕ್ಕೆ ಹೋದರೆ ಎಲ್ಲರೂ ಎಲೆ ಅಡಿಕೆ ಹಿಡಿದು ಹೊರಬಂದರೆ ಅತ್ತಿ ಸೆರಗಿನಡಿ ಎರಡು ದೊಡ್ಡ ಬಾಟಲಿ ಹಿಡಿದು ಬರುತ್ತಿದ್ದಳು. ಜೊತೆಯಲ್ಲಿ ನಡೆಯಲು ನನಗೆ ನಾಚಿಕೆ. ನಾಲ್ಕು ಹೆಜ್ಜೆ ಹಿಂದೆ ಉಳಿದು, ಈ ಹೆಂಗಸು ಯಾರೋ ನನಗೇನು ಗೊತ್ತು ಎನ್ನುವ ಮುಖ ಮಾಡುತ್ತಿದ್ದೆ. ಬದಿ ಮನೆಯ ಜೈನಬಿ ಖಾಲಾ ರಮಜಾನ್ ಮುಗಿದ ಮಾರನೆಯ ದಿನವೇ ಶರಬತ್ತಿನ ಗಾಜಿನ ಬಾಟಲಿಗಳನ್ನು ತೊಳೆದು ಒರೆಸಿ ತರುತ್ತಿದ್ದಳು. "ತಗೋರಿ ಗುರುಬಾಯಿ, ನಮ್ಮ ರೋಜಾ ಮುಗೀತು, ನಿಮ್ಮ ಹಬ್ಬ ಚಾಲೂ ಆತು" ಎಂದು ನಗುವಳು. ಅತ್ತಿ ಅವುಗಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುವಳು. ಹೊಸ ಸೀರೆಯನ್ನೂ ಅವಳು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

ಪ್ಲಾಸ್ಟಿಕ್ ಬಾಟಲಿ ಕತ್ತರಿಸುವುದಕ್ಕೆ ಅವಳದೊಂದು ಪದ್ಧತಿ. ಹಳೇ ಕುಡುಗೋಲನ್ನು ಕೆಂಡದಲ್ಲಿಟ್ಟು ಕಾಯಿಸಿ, ಬಾಟಲಿಯ ಸೊಂಟದ ಸುತ್ತ ಒಂದೇ ಸುತ್ತು. ಆಮೇಲೆ ಕತ್ತರಿಸಿದ ಬಾಯನ್ನು ಒಡೆದ ರೊಟ್ಟಿ ಹಂಚಿನ ಮೇಲೆ ಒಂದು ಗಳಿಗೆ ಒತ್ತಿ ಹಿಡಿದರೆ ಅಂಚು ಒಳಕ್ಕೆ ಮಡಚಿಕೊಂಡು ನುಣುಪಾಗುತ್ತಿತ್ತು, ಕೈಗೆ ತರಚುವುದಿಲ್ಲ. ಆ ಹೊತ್ತಿನ ನಾತ ಮಾತ್ರ ಹೇಳಬಾರದು. ಅವ್ವ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಕೆಳಗಿನ ಅರ್ಧದಲ್ಲಿ ಚಮಚ, ಬಾಚಣಿಗೆ, ಸೂಜಿ ದಾರ, ಅಪ್ಪನ ಕನ್ನಡಕ. ಮೇಲಿನ ಅರ್ಧ ಬೋರಲು ಹಾಕಿದರೆ ಎಣ್ಣೆ ಸುರಿಯುವ ಲಾಳಿಕೆ. ಸಣ್ಣ ಬಾಟಲಿಗಳ ಮುಚ್ಚಳಕ್ಕೆ ಕಾದ ಸೂಜಿಯಿಂದ ತೂತು, ಒಳಗೆ ಮಜ್ಜಿಗೆಗೆ ಉದುರಿಸುವ ಜೀರಿಗೆಪುಡಿ. ದೊಡ್ಡವುಗಳಲ್ಲಿ ತೊಗರಿಬೇಳೆ, ಬೇವಿನ ಎಲೆ ಜೊತೆಗೆ, ಮಂಚದ ಕೆಳಗೆ ಒಂದರ ಪಕ್ಕ ಒಂದು ಮಲಗಿರುತ್ತಿದ್ದವು. ತಂತಿ ಕಟ್ಟಿ ಅಡ್ಡ ಪೇರಿಸಿದ ಬಾಟಲಿಗಳ ಒಂದು ಗೂಡಿನಲ್ಲಿ ನಮ್ಮೆಲ್ಲರ ಕರವಸ್ತ್ರ, ಕಾಲುಚೀಲ. ಕಾಲುಚೀಲ ಕಿತ್ತಳೆ ಘಮಘಮಿಸುವ ಹುಡುಗ ನಮ್ಮ ಶಾಲೆಯಲ್ಲಿ ನಾನೊಬ್ಬನೇ.

ಒಮ್ಮೆ ಹೊಲದ ಬದುವಿನಲ್ಲಿ ಅವಳಿಗೆ ಒಂದು ಚಪ್ಪಟೆ ಗಾಜಿನ ಬಾಟಲಿ ಸಿಕ್ಕಿತು. ನಮ್ಮ ಮನೆಯಲ್ಲಿ ಕುಡಿಯುವವರು ಯಾರೂ ಇರಲಿಲ್ಲವಾಗಿ ಅದರ ಪೂರ್ವಾಶ್ರಮ ಅವಳಿಗೆ ತಿಳಿಯಲಿಲ್ಲ. ಸೊಂಟದ ಸಂಚಿಗೆ ಹೇಳಿ ಮಾಡಿಸಿದಂತೆ ಕೂಡುತ್ತದೆ ಎಂದು ಖುಷಿಪಟ್ಟು, ಅದರಲ್ಲಿ ದೀಪದ ಎಣ್ಣೆ ತುಂಬಿಕೊಂಡು ಜಿಡಗಾ ಮಠಕ್ಕೆ ಹೋದಳು. ಮಠದ ಬಾಗಿಲಲ್ಲಿ ಸಂಚಿಯಿಂದ ಅದನ್ನು ಎಳೆದು ತೆಗೆದಾಗ ಸುತ್ತಲಿನವರ ಮುಖ ನೋಡಬೇಕಿತ್ತು. ದೀಪ ನೋಡಿಕೊಳ್ಳುವ ಹಿರಿಯರೊಬ್ಬರು ನಗು ನುಂಗಿ, ಎಣ್ಣೆ ಸುರಿದುಕೊಂಡು, ಬಾಟಲಿಯನ್ನು ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟರು. ಮನೆಗೆ ಬಂದ ಮೇಲೆ ಅದು ಸೆರೆಯ ಬಾಟಲಿ ಎಂದು ಅಪ್ಪ ಹೇಳಿದಾಗ ಅತ್ತಿ, "ಕುಡದಾವ ಕೆಟ್ಟಾನ, ಬಾಟ್ಲಿ ಏನು ಮಾಡೇದ?" ಎಂದು ಅದಕ್ಕೆ ಹರಳೆಣ್ಣೆ ತುಂಬಿದಳು.

ಪಾತ್ರೆ ಪಡಗ ಇಲ್ಲದ ಮನೆಯೇನೂ ನಮ್ಮದಲ್ಲ. ಅಟ್ಟದ ಮೇಲೆ ಹಿತ್ತಾಳೆ ಕೊಡ, ಸ್ಟೀಲಿನ ಡಬ್ಬಿ ಸಾಲಾಗಿದ್ದವು. ಆದರೆ ನಮ್ಮ ಕಡೆ ಪಾತ್ರೆಗೆ ಹೆಸರು ಕೆತ್ತಿಸುವ ರೂಢಿ ನಿಮಗೆ ಗೊತ್ತಿದೆ. ತವರಿನಿಂದ ಬಂದ ತಂಬಿಗೆಯಿಂದ ಚಮಚದವರೆಗೆ ಸೊಸೆಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೂತಿರುತ್ತದೆ. ನಮ್ಮ ಅಟ್ಟದ ಮೇಲಿನದೆಲ್ಲ ಅವ್ವನ ಹೆಸರು, ಅದಕ್ಕೂ ಹಳೆಯವು ಅಜ್ಜಿಯವು. ಅತ್ತಿಯ ಹೆಸರಿದ್ದ ಪಾತ್ರೆಗಳೆಲ್ಲ ಅಫಜಲಪುರದಲ್ಲೇ ಉಳಿದವು. ತವರಿನ ಮನೆಯಲ್ಲಿ ಅವಳು ನೀರು ಕುಡಿಯುವ ಲೋಟದ ಮೇಲೂ ಬೇರೆಯವರ ಹೆಸರಿತ್ತು. ಬಾಟಲಿಗಳ ಮೇಲೆ ಮಾತ್ರ ಯಾರ ಹೆಸರೂ ಇರಲಿಲ್ಲ. ಇದು ನನಗೆ ಹೊಳೆದದ್ದು ತಲೆ ನರೆತ ಮೇಲೆ.

ಬಾಟಲಿ ಎಂದರೆ ಒಳಗಿನದು ಕಾಣುತ್ತದಲ್ಲ, ಹುಡುಕುವುದೇನು ಎನ್ನಬೇಡಿ. ಒಲೆಯ ಹೊಗೆ ಕುಡಿದು ಕೆಲವು ತಿಂಗಳಲ್ಲಿ ಎಲ್ಲಕ್ಕೂ ಚಹಾದ ಬಣ್ಣ. ಗೋಡೆಯ ಮೊಳೆಗೆ ಕೆಲವು, ದೇವರ ಮಾಡದ ಕೆಳಗೆ ಕೆಲವು, ಹಿಂದೆ ಒಂದು ಸಾಲು, ಅದರ ಹಿಂದೆ ಮತ್ತೊಂದು. ಯಾವುದರಲ್ಲಿ ಏನಿದೆ ಎಂಬುದು ಅವಳೊಬ್ಬಳಿಗೇ ಗೊತ್ತು. ಹೀಗಾಗಿ ದಿನವಿಡೀ ಮನೆಯಲ್ಲಿ ಎಲ್ಲರೂ ಅವಳನ್ನೇ ಕೂಗುವುದು. ಅವ್ವ ಒಲೆ ಮುಂದಿನಿಂದ, "ಅಕ್ಕಾರ, ಸಾಸಿವಿ ಎಲ್ಲದರಿ?" ಅಪ್ಪ ಅಂಗಳದಿಂದ, "ಅಕ್ಕಾ, ನನ್ನ ಕನ್ನಡಕ?" ನಾನು, ಅಣ್ಣ, ಎಲ್ಲರೂ. ಅವಳು ಎಮ್ಮೆ ಹಿಂಡುತ್ತಿದ್ದರೂ ಕೂತಲ್ಲಿಂದಲೇ ಹೇಳುವಳು: "ಗ್ವಾಡಿ ಕಡಿ ಸಾಲು, ಸೊಟ್ಟ ಬಾಟ್ಲಿ ಬಾಜೂಕ!" ಕೈ ಹಾಕಿದರೆ ಅಲ್ಲೇ ಇರುತ್ತಿತ್ತು. ಒಮ್ಮೆ ಅಣ್ಣ, "ಎಲ್ಲಕ್ಕೂ ಒಂದೊಂದು ಚೀಟಿ ಹಚ್ಚಿಬಿಡ್ರಿ ಅತ್ತಿ" ಎಂದ. "ಚೀಟಿ ಯಾಕೋ? ನಾ ಇಲ್ಲೇನು?" ಎಂದಳು. ನಾವೆಲ್ಲ ನಕ್ಕೆವು.

ಅಣ್ಣನ ಮದುವೆಯಾಯಿತು. ವೈನಿ ನಿಂಬರ್ಗಾದವಳು, ಮನೆ ಬೆಳಗುವಂಥ ಹೆಣ್ಣುಮಗಳು. ಅವಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವಳ ತವರಿನವರು ಒಂದೇ ಅಳತೆಯ ಸ್ಟೀಲಿನ ಡಬ್ಬಿಗಳ ದೊಡ್ಡ ಸೆಟ್ಟು ಕೊಟ್ಟರು. ಮುಚ್ಚಳಕ್ಕೆ ಗಾಜು, ಪಕ್ಕದಲ್ಲಿ ವೈನಿಯ ಹೆಸರು. ಅಪ್ಪ ಅದೇ ನೆಪದಲ್ಲಿ ಅಡುಗೆಮನೆಗೆ ಕಡಪಾ ಕಲ್ಲಿನ ಕಟ್ಟೆ, ಗೋಡೆ ತುಂಬ ಕಪಾಟು ಮಾಡಿಸಿದ. "ಅಕ್ಕ ದುಡದು ದುಡದು ಸಣ್ಣಾಗ್ಯಾಳ. ಇನ್ನ ಆಕೀಗಿ ತ್ರಾಸ ಆಗಬಾರದು, ಆರಾಮ ಕೂಡಲಿ" ಎಂದ. ನಿಜವಾದ ಪ್ರೀತಿಯಿಂದಲೇ ಎಂದ. ಹಿರಿಯಳ ಕೈಯಿಂದ ಕೆಲಸ ತೆಗೆದುಕೊಂಡು ಅಂಗಳದ ಕಟ್ಟೆಯ ಮೇಲೆ ಕೂರಿಸುವುದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ಮಂದಿಗೆ ತಿಳಿಯದು.

ಬಾಟಲಿಗಳನ್ನು ಖಾಲಿ ಮಾಡಿ ಡಬ್ಬಿಗೆ ತುಂಬುವ ದಿನ ಅತ್ತಿಯೇ ನಡುಮನೆಯಲ್ಲಿ ಕೂತಳು. ಬೇರೆ ಯಾರಿಂದ ಆಗುತ್ತಿತ್ತು? ಒಬ್ಬೊಬ್ಬರು ಒಂದೊಂದು ಬಾಟಲಿ ಹಿಡಿದು ಬಂದು, "ಇದೇನ್ರಿ ಅತ್ತಿ? ಇದು ಸೋಡಾನೋ ಪಟಿಕಾನೋ?" ಎಂದು ಕೇಳುವುದು, ಅವಳು ಮೂಸದೆಯೇ ಹೇಳುವುದು. ವೈನಿ ಮುದ್ದಾದ ಅಕ್ಷರದಲ್ಲಿ ಚೀಟಿ ಬರೆದು ಹಚ್ಚುವುದು. ಖಾಲಿಯಾದ ಬಾಟಲಿಗಳು ಗೋಣಿಚೀಲಕ್ಕೆ, ಆ ಚೀಲದ ಬಾಯಿ ಹಿಡಿದವಳೂ ಅತ್ತಿಯೇ. ಬೆಳಗಿನಿಂದ ಸಂಜೆಯವರೆಗೆ ಅವಳನ್ನು ಕೂಗುವುದು ನಿಲ್ಲಲಿಲ್ಲ. ಮುಖ ಕೆಂಪಾಗಿತ್ತು, ಊಟಕ್ಕೂ ಏಳಲೊಲ್ಲಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಕಂಡದ್ದು ಅಪರೂಪ.

ಮರುದಿನ ಯಾರೂ ಅವಳನ್ನು ಏನೂ ಕೇಳಲಿಲ್ಲ. ಬೇಕಾಗಲಿಲ್ಲ. ಸಾಸಿವೆ ಎಂದು ಬರೆದಲ್ಲಿ ಸಾಸಿವೆ ಇತ್ತು. ಅತ್ತಿ ಸ್ವಲ್ಪ ಹೊತ್ತಿಗೊಮ್ಮೆ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತು, "ಏನರ ಬೇಕೇನು?" ಎನ್ನುವಳು. "ಏನೂ ಬ್ಯಾಡ್ರಿ, ನೀವು ಕೂಡ್ರಿ, ಚಹಾ ತರ್ತೇನಿ" ಎಂದು ವೈನಿ ಅಕ್ಕರೆಯಿಂದಲೇ ಹೇಳುವಳು. ಚಹಾಕ್ಕೆ ಈಗ ಚಹಾದ್ದೇ ವಾಸನೆ. ಕೆಲವು ದಿನ ಹೀಗೆ ಕೂತು, ಎದ್ದು, ಕೂತು, ಒಂದು ದಿನ ಅತ್ತಿ ತನ್ನ ಟ್ರಂಕು ಒರೆಸಿದಳು. "ಜೇವರ್ಗಿಗಿ ಹೋಗಿ ಬರ್ತೇನಿ, ಸಣ್ಣ ತಮ್ಮನ ಮನ್ಯಾಗ ಇದ್ದು ಭಾಳ ದಿನ ಆತು." ಕಾಕಾನ ಮನೆಗೆ ಹೋಗುವುದು ಹೊಸದೇನಲ್ಲ, ಬರುತ್ತಾಳೆ ಎಂದುಕೊಂಡೆವು. ಬರಲಿಲ್ಲ. ಕರೆದಾಗಲೆಲ್ಲ "ಬರ್ತೇನಿ, ಬರ್ತೇನಿ" ಎನ್ನುತ್ತಿದ್ದಳು.

ಅವ್ವನಿಗೆ ಏನೋ ಅನಿಸಿರಬೇಕು. ಒಮ್ಮೆ ನಾನು ಊರಲ್ಲಿದ್ದಾಗ ಜೇವರ್ಗಿಗೆ ಫೋನು ಮಾಡಿಸಿಕೊಂಡು, "ಅಕ್ಕಾರ, ಹರಳೆಣ್ಣಿ ಸಿಗವಲ್ದು, ಎಲ್ಲಿಟ್ಟೀರಿ?" ಎಂದಳು. ಎಣ್ಣೆ ಅವಳ ಎದುರಿಗೇ ಇತ್ತು. ಆ ಕಡೆಯಿಂದ ಅತ್ತಿಯ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು: "ಮಾಡದ ಕೆಳಗ, ಹಿಂದಿನ ಸಾಲಿನ್ಯಾಗ, ಚಪ್ಪಟಿ ಬಾಟ್ಲಿ. ಕೈ ಹಾಕಿ ನೋಡಬೇ, ಅಲ್ಲೇ ಅದ!" ಅಲ್ಲಿ ಆಗ ಕಪಾಟಿತ್ತು. ಅವ್ವ ಗೋಡೆ ನೋಡುತ್ತ, "ಹೌದ್ರಿ ಅಕ್ಕಾರ, ಸಿಕ್ತ್ರಿ" ಎಂದಳು. ಹೀಗೆ ಒಂದೆರಡು ಸಲ ಕೇಳಿರಬಹುದು. ಆಮೇಲೆ ತೊಗರಿ ರಾಶಿ ಬಂತು, ವೈನಿಯ ಬಾಣಂತನ ಬಂತು, ಕೇಳುವುದು ನಿಂತಿತು.

ಅತ್ತಿ ಹೋದಳೆಂದು ಸುದ್ದಿ ಬಂದಾಗ ಎಲ್ಲರೂ ಜೇವರ್ಗಿಗೆ ಓಡಿದೆವು. ಮಣ್ಣು ಮುಗಿಸಿ ಬಂದು ಕೂತಾಗ ಕಾಕಾನ ಹೆಂಡತಿ, ನಮ್ಮ ಕಾಕು, ನನ್ನ ಪಕ್ಕ ಬಂದು ಕೂತಳು. "ಭಾಳ ಸೂಕ್ಷ್ಮದವರಪಾ ನಿಮ್ಮ ಅತ್ತಿ. ನಮ್ಮ ಮನ್ಯಾಗ ಒಂದು ತಂಬಿಗಿ ನೀರೂ ಕೇಳಿ ತೊಗೋತಿದ್ರು" ಎಂದು ಕಣ್ಣೊರೆಸಿಕೊಂಡಳು. ಮತ್ತೆ ಹೇಳಿದಳು: "ದಿನಾ ಮುಂಜಾನೆ ಒಂದು ಮಾತು ಕೇಳೋರು. ಕರಜಗಿಯಿಂದ ಫೋನ್ ಬಂದಿತ್ತೇನು, ಏನರ ಸಿಗವಲ್ದಂತೇನು, ಅಂತ. ಏನು ಕಳಕೊಂಡಿದ್ರೋ ನೀವು?" ಉಪ್ಪು, ಸೋಡಾ, ಸೂಜಿ, ಏನಾದರೊಂದು ಕಳೆದುಹೋಗಿದೆ ಎಂದು ದಿನಕ್ಕೊಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅಷ್ಟು ಸುಲಭವಾಗಿತ್ತು ಅದು. ಆ ದುಃಖ ನನಗೆ ಇವತ್ತಿಗೂ ಹೋಗಿಲ್ಲ.

ಈಗ ಅವ್ವ ನಮ್ಮ ಮನೆಯಲ್ಲಿದ್ದಾಳೆ. ಕಣ್ಣಿನ ಚಿಕಿತ್ಸೆಗೆಂದು ಹೋದ ವಾರ ಅಣ್ಣ ಆಳಂದಕ್ಕೆ ಕರೆತಂದು ಬಿಟ್ಟು ಹೋಗಿದ್ದಾನೆ. ನಾವು ಕೂರಿಸಿದ ಕುರ್ಚಿಯಲ್ಲಿ ಕೂತಿರುತ್ತಾಳೆ, ಕೊಟ್ಟಾಗ ಕುಡಿಯುತ್ತಾಳೆ. ಇವತ್ತು ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ನಾನು ಅಡುಗೆಮನೆಯ ನಡುವೆ ನಿಂತು ಜೋರಾಗಿ ಕೂಗಿದೆ: "ಅವ್ವಾ, ಜೀರಗಿ ಎಲ್ಲದ?"

ಗೋಡೆ ಹಿಡಿದುಕೊಂಡು ಅವ್ವ ಹೊಸ್ತಿಲವರೆಗೆ ಬಂದಳು. ಕಪಾಟುಗಳನ್ನೆಲ್ಲ ಒಮ್ಮೆ ನೋಡಿ, ಅಪರಾಧ ಮಾಡಿದವಳಂತೆ, "ನಿಮ್ಮ ಮನಿ, ನನಗೇನು ಗೊತ್ತಾಗ್ತದೋ ತಮ್ಮಾ" ಎಂದಳು.

ಹೌದು, ಈ ಮನೆಯಲ್ಲಿ ಅವಳು ಇಟ್ಟದ್ದು ಒಂದೂ ಇಲ್ಲ. ಸಂತೆಯಿಂದ ತಂದು ಇನ್ನೂ ಬಿಚ್ಚದ ಚೀಲ ಕಟ್ಟೆಯ ಮೇಲಿತ್ತು. ಅದರಿಂದ ಜೀರಿಗೆ ಪೊಟ್ಟಣ ತೆಗೆದು ಅವಳ ಕೈಗೆ ಕೊಟ್ಟೆ.

"ಇದನ್ನ ನೀನೇ ಎಲ್ಯರ ಇಡಬೇ" ಎಂದೆ. "ಎಲ್ಲಿಟ್ಟಿ ಅಂತ ನನಗ ಹೇಳಬ್ಯಾಡ. ಬೇಕಾದಾಗ ಕೇಳ್ತೇನಿ."