ಸ್ಕೂಲು ಕೊಟ್ಟ ಹುಟ್ಟಿದ ದಿನ

"ಯಾವ ಹುಟ್ಟಿದ ದಿನ ಸಾರ್, ಸ್ಕೂಲಿಂದಾ, ನಿಜದ್ದಾ?"

ಜಾಲಹಳ್ಳಿಯ ಕಾರ್ಖಾನೆಯೊಂದರ ಗುಮಾಸ್ತರೊಬ್ಬರು ಕನ್ನಡಕವನ್ನು ಹಣೆಗೇರಿಸಿ ಪ್ರತಿ ಸಭೆಯಲ್ಲೂ ಇದನ್ನೇ ಕೇಳುತ್ತಿದ್ದರು. ಆ ಕಾರ್ಖಾನೆಯ ನೌಕರರಿಗೆ ಐವತ್ತೈದು ತುಂಬಿದೊಡನೆ ಜೀವವಿಮೆಯ ಮೊತ್ತವನ್ನು ಅರ್ಧಕ್ಕಿಳಿಸುವ ಡೇಟಾಬೇಸ್ ಕಟ್ಟುತ್ತಿದ್ದವನು ನಾನು. ಜನ್ಮದಿನಕ್ಕೆ ಒಂದೇ ಕಾಲಂ ಇಟ್ಟಿದ್ದೆ.

"ಮನುಷ್ಯ ಹುಟ್ಟೋದು ಒಂದೇ ಸಲ ಕಣ್ರೀ!" ಎಂದು ರೇಗಿಯೂ ಇದ್ದೆ.

ಪ್ರಯೋಗಕ್ಕೆ ಓಡಿಸಿದಾಗ ಜೂನ್ ಒಂದರಂದು ಸಾಲುಸಾಲು ಹೆಸರುಗಳ ಮೊತ್ತ ಒಟ್ಟಿಗೆ ಇಳಿಯಿತು. ನನ್ನದೇ ತಪ್ಪೆಂದು ಎರಡು ದಿನ ಕೋಡ್ ಜಾಲಾಡಿದೆ.

"ತಪ್ಪಿಲ್ಲ ಸಾರ್," ಎಂದರು ಗುಮಾಸ್ತರು. "ಸ್ಕೂಲಿಗೆ ಸೇರಿಸ್ಕೊಳ್ಳೋವಾಗ ಮೇಷ್ಟ್ರು ಎಲ್ಲಾರ್ಗೂ ಅದೇ ದಿನ ಬರೆದವ್ರೆ. ನಂಗೆ ಮೂರು ವರ್ಷ ಜಾಸ್ತೀನೇ ಹಾಕವ್ರೆ."

ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಗೊಣಗುತ್ತಲೇ ಎರಡನೆಯ ಕಾಲಂ ತೆರೆದೆ. "ಸರಿ, ನಿಜದ್ದು ಹೇಳ್ರೀ."

ಅವರು ಕನ್ನಡಕ ಇಳಿಸಿದರು.

"ಅದು ನಮ್ಮವ್ವಂಗೆ ಗೊತ್ತಿತ್ತು ಸಾರ್."