ವೇನ್ಯಾನ ಪಾಲಿಗೆ ಉಳಿದ ಮುಖ

ಪೆರ್ಮ್ ಊರಿನ ಬ್ಯಾಲೆ ತಂಡದಲ್ಲಿ ಇಪ್ಪತ್ತು ವರ್ಷ ಹಿಂದಿನ ಸಾಲಿನಲ್ಲೇ ಕುಣಿದ ವೇನ್ಯಾ ಶೂಬಿನ್‌ಗೆ ಮೂವತ್ತೆಂಟಕ್ಕೇ ಪಿಂಚಣಿ ಬಂತು. ಅವನಪ್ಪ ಯೆಗೋರ್ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಲವತ್ತು ವರ್ಷ ನಿಂತವನು. ಮಗನ ಕುಣಿತ ನೋಡಲು ಒಂದು ದಿನವೂ ರಂಗಮಂದಿರದ ಮೆಟ್ಟಿಲು ಹತ್ತಲಿಲ್ಲ.

"ಮೈಗಂಟಿದ ಚಡ್ಡಿ ಹಾಕ್ಕೊಂಡು ನೆಗೆಯೋದನ್ನ ನೋಡೋಕೆ ನಾನು ಟಿಕೆಟ್ ಬೇರೆ ತಗೋಬೇಕಾ?" ಎಂದು ನೆರೆಯವರ ಮುಂದೆಯೇ ಕೇಳುತ್ತಿದ್ದ ಮಹಾರಾಯ.

ಆಮೇಲೆ ಸಿನಿಮಾದವರಿಗೆ ವೇನ್ಯಾನ ನೆಟ್ಟನೆಯ ಬೆನ್ನು ಹಿಡಿಸಿತು. ಅದೇ ಅವನ ಗ್ರಹಚಾರ. ಅಂಥ ಬೆನ್ನಿಗೆ ಅಲ್ಲಿ ಸಿಗುತ್ತಿದ್ದುದು ಒಂದೇ ಪಾತ್ರ, ತ್ಸಾರ್ ಚಕ್ರವರ್ತಿಯ ಕಡೆಯ ಸೇನಾಧಿಕಾರಿಯದು. ಆರು ಚಿತ್ರಗಳಲ್ಲಿ ಆರು ಸಲ ಕ್ರಾಂತಿಕಾರರ ಗುಂಡೇಟು ತಿಂದು ಸತ್ತ. "ಸರಿಯಾಗೇ ಹೊಡೆದ್ರು" ಎಂದ ಅಪ್ಪ, ಸೂಪಿನ ಬಟ್ಟಲಿನಿಂದ ತಲೆ ಎತ್ತದೆ.

ಏಳನೆಯದಕ್ಕೆ ವೇನ್ಯಾ ನಿರ್ದೇಶಕಿ ಲೀದಿಯಾ ಪಾವ್ಲೊವ್ನಾಳನ್ನು ಗೋಗರೆದು ಲೇತ್ ಕೆಲಸಗಾರನ ಪಾತ್ರ ಗಿಟ್ಟಿಸಿದ. ಅಪ್ಪ ಒಂದೇ ಒಂದು ಸಲ ತನ್ನನ್ನು ನೋಡಿ ಹೌದೆನ್ನಬೇಕು, ಅಷ್ಟೇ ಅವನ ಆಸೆ. ಆದರೆ ಯಂತ್ರದ ಮುಂದೆ ನಿಂತೊಡನೆ ಪಾದಗಳು ಬ್ಯಾಲೆಯ ಅಭ್ಯಾಸದಂತೆ ಎಡಕ್ಕೊಂದು ಬಲಕ್ಕೊಂದು ತಿರುಗಿದವು.

"ವೆನಿಯಾಮಿನ್ ಯೆಗೋರವಿಚ್, ಕೆಲಸಗಾರ ಹೀಗೆ ನಿಲ್ತಾನೇನ್ರೀ? ಚಪ್ಪಾಳೆಗೆ ಕಾಯ್ತಿರೋ ಹಾಗಿದೆ!" ಎಂದಳು ನಿರ್ದೇಶಕಿ, ವೇನ್ಯಾನನ್ನು ಪೂರ್ತಿ ಹೆಸರು ಹಿಡಿದು ಕರೆದು.

ನಡಿಗೆಗೆ ಬೇರೊಬ್ಬನನ್ನು ತಂದರು. ದನಿ ತೆಳುವೆಂದು ರೇಡಿಯೋ ನಟನೊಬ್ಬನಿಂದ ಮಾತಾಡಿಸಿದರು. ಯಂತ್ರದ ಮೇಲಿನ ಕೈಗಳು ರುಸಾಕೋವ್ ಎಂಬ ನಿಜವಾದ ಕೆಲಸಗಾರನವು. ವೇನ್ಯಾನದೆಂದು ಉಳಿದದ್ದು ಮುಖ ಮಾತ್ರ. ಇದನ್ನು ಅವನು ಅಪ್ಪನಿಗೆ ಹೇಳಲಿಲ್ಲ. ಪಾಪ, ಹೇಗೆ ಹೇಳಿಯಾನು?

ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಕ್ಲಬ್ಬಿನಲ್ಲಿ ಚಿತ್ರ ತೋರಿಸಿದರು. ಯೆಗೋರ್ ಪದಕಗಳನ್ನು ಚುಚ್ಚಿದ ಕೋಟು ತೊಟ್ಟು ಬಂದು ಮಗನ ಪಕ್ಕದಲ್ಲೇ ಕುಳಿತ. ಕುಳಿತವನು ಕೊನೆಯವರೆಗೂ ಮಿಸುಕಲಿಲ್ಲ. ದೀಪ ಹತ್ತಿದಾಗ ಮುದುಕನ ಕಣ್ಣು ಒದ್ದೆಯಾಗಿತ್ತು. ವೇನ್ಯಾ ಅಪ್ಪನ ಕಡೆ ತಿರುಗಿ ಕುಳಿತ.

"ಆ ಕೈ ನಿಂದಲ್ಲ," ಎಂದ ಅಪ್ಪ.

"ಅಲ್ಲಪ್ಪ."

"ನಂಗೊತ್ತು. ಯಂತ್ರ ಪೂರ್ತಿ ನಿಲ್ಲೋ ತನಕ ಮುಟ್ಟಲೇ ಇಲ್ಲ ನೋಡು. ಆಮೇಲೆ ಕಡೆದ ತುಂಡನ್ನ ಹೆಬ್ಬೆರಳಲ್ಲಿ ಸವರಿ ನೋಡ್ದ. ಅಪ್ಪಟ ನಮ್ಮವನು! ಯಾರೋ ಅವನು? ಮನೆಗೆ ಕರ್ಕೊಂಡು ಬಾ, ಜೊತೆಗೆ ಕೂತು ಎರಡು ಗ್ಲಾಸ್ ಹಾಕ್ಬೇಕು."

ವೇನ್ಯಾ ನಾಚಿಕೆ ಬಿಟ್ಟು ಕೇಳಿದ, "ಮುಖ ಹೇಗಿತ್ತಪ್ಪ?"

"ಮುಖಾನಾ? ಅದನ್ಯಾರು ನೋಡಿದ್ರೋ," ಎಂದು ಯೆಗೋರ್ ಟೋಪಿ ಹಾಕಿಕೊಂಡ. "ಹೆಸರು ಹೇಳು ಅವಂದು."

ವೇನ್ಯಾ ಹೆಸರು ಹೇಳಿದ. ಮರೆತುಹೋಗದಿರಲೆಂದು ಅಪ್ಪ ಅದನ್ನು ಎರಡು ಸಲ ಹೇಳಿಕೊಂಡ.