ಪೆದ್ದ ಸೈಕಲ್ಲು

ದೇವರು ನನ್ನನ್ನು ಮಾಡುವ ದಿನ ಅಳತೆಪಟ್ಟಿ ಎಲ್ಲೋ ಕಳೆದುಕೊಂಡಿದ್ದನೆಂದು ಕಾಣುತ್ತದೆ. ಆರಡಿ ಐದಿಂಚಿನ ನನಗೆ ಚಳ್ಳಕೆರೆಯ ಬಾಗಿಲು, ಮಂಚ, ಬಸ್ಸಿನ ಸೀಟು ಯಾವುದೂ ಒಗ್ಗಿದ್ದಿಲ್ಲ. ಎಲ್ಲವನ್ನೂ ಕ್ಷಮಿಸಿದ್ದೇನೆ. ಸೈಕಲ್ಲನ್ನು ಮಾತ್ರ ಕ್ಷಮಿಸಲು ಆಗಿರಲಿಲ್ಲ.

ನನ್ನಿವಾಳದ ದಾರಿಯಲ್ಲಿ ನಮ್ಮ ಹೊಲ. ಬೆಳಗ್ಗೆ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗಬೇಕೆಂಬುದು ನನ್ನ ಆಸೆ. ಆದರೆ ಪೇಟೆಯ ಯಾವ ಸೈಕಲ್ ಏರಿದರೂ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಎಡಕ್ಕೆ ತಿರುಗುವ ಮುಂಚೆ ಎಡಗಾಲಿನ ಒಪ್ಪಿಗೆ ಪಡೆಯಬೇಕು. ಅದು ಒಪ್ಪುವಷ್ಟರಲ್ಲಿ ತಿರುವು ಹಿಂದೆ ಉಳಿದಿರುತ್ತಿತ್ತು. ಸೀಟು ಎತ್ತರಿಸಿ ನೋಡಿದೆ. ಸೀಟಿನ ಪೈಪು ಕೆಲವು ದಿನ ಮರ್ಯಾದೆ ಉಳಿಸಿ, ಸಂತೆಯ ದಿನ ಜನರೆದುರೇ ಬಾಗಿತು. ಉದ್ದ ಇದ್ದೋರ ಬುದ್ಧಿ ಮೊಣಕಾಲಾಗೆ ಎಂದು ಕಟ್ಟೆಯ ಮೇಲೆ ಕೂತವರೊಬ್ಬರು ಅಂದರು. ಪೆಟ್ಟು ಬಿದ್ದದ್ದೂ ಅಲ್ಲಿಗೇ ಆದ್ದರಿಂದ ನಾನು ವಾದಿಸಲಿಲ್ಲ.

ಮನೆಯಾಕೆ ತೀರ್ಪು ಕೊಟ್ಟಳು: "ಇನ್ನೊಂದ್ ಸಲ ಹುಡುಕ್ರಿ. ಸಿಗ್ಲಿಲ್ಲಂದ್ರೆ ಸ್ಕೂಟಿ ತಗಂಡು ಸುಮ್ನಿರ್ರಿ." ಮಾತು ಕೊಟ್ಟೆ. ಸ್ಕೂಟಿಯ ಮೇಲೆ ನಾನು ಕೂರುವುದೆಂದರೆ ಆಟೋದೊಳಗೆ ಏಣಿ ತುರುಕಿದ ಹಾಗೆ.

ಮೊಳಕಾಲ್ಮೂರಿನಲ್ಲಿ ಹಳೇ ಸೈಕಲ್ ಅಂಗಡಿಯೊಂದು ಇದೆಯೆಂದು ಕೇಳಿ ಬಸ್ ಹತ್ತಿದೆ. ತಲೆ ಬಗ್ಗಿಸಿ ಒಳಹೊಕ್ಕವನನ್ನು ಅಂಗಡಿಯವರು ಅಡಿಯಿಂದ ಮುಡಿಯವರೆಗೆ ನೋಡಿದರು. ನನಗೆ ಒಂದು ಮಾತೂ ಹೇಳದೆ, ಹಿಂದಿನ ಕೋಣೆಯಲ್ಲಿದ್ದ ತಮ್ಮನಿಗೆ ತೆಲುಗಿನಲ್ಲಿ ಕೂಗಿದರು: "ಪೆದ್ದಾಯನ ವಚ್ಚಿನಾಡು, ಆ ಪೆದ್ದ ಸೈಕಿಲ್ ತೀಯ್ ರಾ."

ಒಂದೇ ಉಸಿರಿನಲ್ಲಿ ಎರಡು ಸಲ ಪೆದ್ದ! ಈ ಸೀಮೆಯವನಾಗಿ ನನಗೆ ತೆಲುಗು ಬರುವುದಿಲ್ಲವೆಂದಲ್ಲ. ಆದರೆ ಮೊದಲೇ ನೊಂದ ಮನುಷ್ಯನ ಕಿವಿಗೆ ಬೀಳುವುದು ತಾಯ್ನುಡಿಯೇ. ತಿರುಗಿ, ಘನತೆಯಿಂದ ಹೊರಟೆ. ಘನತೆಯಲ್ಲಿ ಬಗ್ಗುವುದನ್ನು ಮರೆತಿದ್ದರಿಂದ ಹಣೆ ಬಾಗಿಲಿಗೆ ಬಡಿಯಿತು.

"ಯಾಕ್ರಿ ಸ್ವಾಮಿ, ನೋಡ್ದೇನೇ ಹೊಂಟ್ರಿ?"

"ಪೆದ್ದ ಅಂತ ಅಂದಮ್ಯಾಲೆ ಇನ್ನೇನ್ ನೋಡ್ಲಿ?"

ಅವರು ಒಂದು ಗಳಿಗೆ ಪಿಳಿಪಿಳಿ ಕಣ್ಣು ಬಿಟ್ಟು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ದೊಡ್ಡೋರು ಬಂದ್ರು, ದೊಡ್ ಸೈಕಲ್ ತೆಗಿ ಅಂದೆ ಕಣ್ರಿ. ನಮ್ಮಪ್ಪನ್ನೂ ಹಂಗೇ ಅಂತೀವಿ."

ಅಷ್ಟರಲ್ಲಿ ತಮ್ಮ ಅದನ್ನು ನೂಕಿಕೊಂಡು ಬಂದ. ಕರೀ ಬಣ್ಣ, ಮಾಮೂಲಿಗಿಂತ ಎತ್ತರದ ಇಪ್ಪತ್ನಾಲ್ಕು ಇಂಚಿನ ಫ್ರೇಮು, ಮೇಲಿನ ಪೈಪು ಅವನ ಸೊಂಟದ ಮಟ್ಟಕ್ಕೆ. ಕೊಳ್ಳಲು ಬಂದವರಿಗೆಲ್ಲ ಕಾಲು ನೆಲಕ್ಕೆ ಎಟುಕದೆ ಮೂಲೆ ಹಿಡಿದಿತ್ತಂತೆ. ಹ್ಯಾಂಡಲ್ ಎತ್ತರಿಸಿ, ಉದ್ದನೆಯ ಗಟ್ಟಿ ಪೈಪು ಹಾಕಿ ಸೀಟು ಕೂರಿಸಿಕೊಟ್ಟರು. ಹತ್ತಿದೆ, ತುಳಿದೆ. ಕಾಲು ಪೂರ್ತಿ ಚಾಚಿತು! ಇಷ್ಟು ವರ್ಷ ಮಡಿಚಿಟ್ಟುಕೊಂಡಿದ್ದ ಕಾಲು. ಮೊಣಕಾಲು ಮೇಲೆ ಬಂತು, ಹ್ಯಾಂಡಲ್ಲಿಗೆ ಬಡಿಯಲಿಲ್ಲ. ಎಡಕ್ಕೆ ತಿರುಗಿಸಿದೆ. ತಿರುಗಿತು, ಯಾರ ಒಪ್ಪಿಗೆಯೂ ಇಲ್ಲದೆ. ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ. ಬಲಕ್ಕೂ ಒಂದು ದಾರಿಯಿದೆ ಎನ್ನುವುದೇ ಮರೆತುಹೋಯಿತು. ಚಹಾದಂಗಡಿಯವರು ಲೋಟ ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಚಳ್ಳಕೆರೆಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಹೋಗಲಿ ಬಿಡು ಅಂದುಕೊಂಡೆ.

ಮನೆಯಿಂದ ಫೋನ್ ಬಂತು. ರಸ್ತೆ ಬದಿಗೆ ನಿಲ್ಲಿಸಿ ಎತ್ತಿಕೊಂಡೆ. ಎತ್ತರದ್ದೇ ಸಿಕ್ತು, ಸ್ಕೂಟಿಯ ವಿಚಾರ ಕೈಬಿಡು ಎಂದೆ. ಕಾಲು ನೆಲಕ್ಕೆ ಎಟುಕ್ತಾವಾ, ಇಳಿಯಾಕೆ ಬರುತ್ತಾ ಎಂದು ಕೇಳಿದಳು.

"ಬರುತ್ತೆ," ಎಂದೆ. "ಮನಸ್ಸು ಬರ್ತಾ ಇಲ್ಲ."